ಕಂಪ್ಯೂಟರಿಗೆ ನೆನಪು ಬಂದ ದಿನ

ಛತ್ರಿ ಗುಮಾಸ್ತರು ಕುರ್ಚಿಯ ಧೂಳು ಕೊಡವಿ ಕೂರುವಷ್ಟರಲ್ಲಿ ಅವರ ಕಂಪ್ಯೂಟರ್ ತನ್ನಷ್ಟಕ್ಕೆ ತಾನೇ ಎದ್ದು ಕೂತಿತ್ತು. ‘ಅಪ್‌ಡೇಟ್ ಮುಗಿಯಿತು. ಹೊಸದೇನಿದೆ ನೋಡಿ’ ಎಂದು ಪರದೆಯ ನಡುಮಧ್ಯೆ ಬರೆದಿತ್ತು. ಹೊಸದು ಅಂದರೆ ಗುಮಾಸ್ತರಿಗೆ ಮೊದಲಿನಿಂದಲೂ ಅಂಜಿಕೆ. ಹೊಸ ಚಪ್ಪಲಿ ಕೊಂಡರೂ ಒಂದು ವಾರ ಡಬ್ಬದಲ್ಲೇ ಇಟ್ಟು, ಅದು ತಮ್ಮನ್ನು ಏನೂ ಮಾಡುವುದಿಲ್ಲ ಎಂದು ಖಾತ್ರಿಯಾದ ಮೇಲೆ ಹಾಕಿಕೊಳ್ಳುವ ಪೈಕಿ ಅವರು.

ಅವರದು ರೈಲು ನಿಲ್ದಾಣದ ಕೊನೆಯ ಪ್ಲಾಟ್‌ಫಾರಂನಲ್ಲಿರುವ ಕಳೆದುಹೋದ ಸಾಮಾನುಗಳ ಕಚೇರಿ. ಜನ ರೈಲಿನಲ್ಲಿ ಮರೆತು ಬಿಟ್ಟುಹೋದದ್ದೆಲ್ಲ ಇಲ್ಲಿಗೆ ಬಂದು ಬೀಳುತ್ತದೆ. ಜನರಿಗೆ ನೆನಪಿನ ಶಕ್ತಿ ಚೆನ್ನಾಗಿದ್ದಿದ್ದರೆ ಇಲ್ಲಿನವರ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ. ಛತ್ರಿ ಮತ್ತು ರೇನ್‌ಕೋಟುಗಳ ಉಸ್ತುವಾರಿ ನಮ್ಮ ಗುಮಾಸ್ತರದು, ಹಾಗಾಗಿ ಆ ಹೆಸರು. ಛತ್ರಿ ಅನ್ನುವ ಮಾತಿಗೆ ಇನ್ನೊಂದು ಅರ್ಥ ಇದೆಯಲ್ಲ, ಅದು ಇವರಿಗೆ ಹೊಂದುವುದಿಲ್ಲ. ಅಷ್ಟು ಸಾಧು. ಪಕ್ಕದ ಮೇಜಿನಲ್ಲಿ ಕೀಲಿಕೈ, ಕನ್ನಡಕ, ಹಲ್ಲಿನ ಸೆಟ್ಟುಗಳನ್ನು ನೋಡಿಕೊಳ್ಳುವವರು ಕೀಲಿಕೈ ಅಕ್ಕ. ಊರವರ ಸಾಮಾನಿನ ಜತೆಗೆ ಊರವರ ಸುದ್ದಿಯನ್ನೂ ಅವರೇ ನೋಡಿಕೊಳ್ಳುತ್ತಾರೆ.

ಅವತ್ತು ಗುಮಾಸ್ತರ ಪಾಲಿಗೆ ದೊಡ್ಡ ದಿನ. ಅವರ ಮನೆಯ ಹಿಂದೆಯೇ ಒಂದು ಪುಟ್ಟ ನಿಲ್ದಾಣ, ಅಲ್ಲಿ ಇದೇ ಕಚೇರಿಯ ಒಂದು ಶಾಖೆ. ಅಲ್ಲಿಗೆ ವರ್ಗ ಬೇಕೆಂದು ಹನ್ನೊಂದು ವರ್ಷದಿಂದ ಅರ್ಜಿ ಹಾಕುತ್ತಿದ್ದರು. ಈ ಸಲ ಸಾಹೇಬರು ಶಿಫಾರಸು ಮಾಡುತ್ತೇನೆ ಎಂದಿದ್ದರು. ಸಂಜೆ ಐದಕ್ಕೆ ಅವರ ಸಹಿ ಬಿದ್ದರೆ ಸಾಕು, ಮಾರನೆಯ ದಿನದಿಂದಲೇ ಅಲ್ಲಿ ಕೆಲಸ. ಹೋದರೆ ಎರಡು ಬಸ್ಸು ಬದಲಿಸುವ ಕಾಟ ತಪ್ಪಿತು. ಮಧ್ಯಾಹ್ನ ಮನೆಗೆ ಹೋಗಿ ಹೆಂಡತಿಯ ಎದುರು ಕೂತು ಬಿಸಿ ಅನ್ನ ಉಣ್ಣಬಹುದು. ಮದುವೆಯಾದಂದಿನಿಂದ ಈ ಮನುಷ್ಯ ಭಾನುವಾರ ಬಿಟ್ಟು ಬೇರೆ ದಿನ ಮಧ್ಯಾಹ್ನ ಹೆಂಡತಿಯ ಮುಖ ನೋಡಿದವರಲ್ಲ.

ಇನ್ನು ಸಾಹೇಬರು. ಒಳ್ಳೆಯವರೇ, ಆದರೆ ಜೋಕು ಹೇಳುವ ಚಟ. ಇದ್ದದ್ದು ಒಟ್ಟು ಒಂಬತ್ತು ಜೋಕು. ಅವನ್ನೇ ತಿರುಗಿಸಿ ಮುರುಗಿಸಿ ದಿನಕ್ಕೆ ಮೂರರಂತೆ ಹೇಳುವರು. ಬೇರೆಯವರು ಹಲ್ಲು ಕಿರಿದು ಸುಮ್ಮನಾದರೆ ಛತ್ರಿ ಗುಮಾಸ್ತರು ಮಾತ್ರ ಭುಜ ಕುಲುಕಿಸಿ, ಕಣ್ಣು ಒರೆಸಿಕೊಂಡು ನಗುವರು. ಶಿಫಾರಸಿನ ಗುಟ್ಟು ಈ ನಗುವಿನಲ್ಲೇ ಇತ್ತು.

ಒಂದು ತಿಂಗಳ ಹಿಂದೆ, ಸಾಹೇಬರ ಕಿವುಡ ಕ್ಷೌರಿಕನ ಜೋಕು ಮುಗಿಯುವಷ್ಟರಲ್ಲಿ ಗುಮಾಸ್ತರಿಗೆ ಮನೆಗೆ ಹೋಗುವ ಬಸ್ಸು ತಪ್ಪಿತು. ಒಂದು ವಾರದಲ್ಲಿ ಅದು ನಾಲ್ಕನೇ ಸಲ. ಸಾಧು ಮನುಷ್ಯನಿಗೆ ಸಿಟ್ಟು ಬಂದರೆ ಹಿಡಿಯುವವರಿಲ್ಲ. ಮಾರನೆಯ ದಿನ ಊಟದ ಹೊತ್ತಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಕೇಂದ್ರ ಕಚೇರಿಗೆ ಹೆಸರಿಲ್ಲದ, ಸಹಿಯಿಲ್ಲದ ಒಂದು ಮೂಗರ್ಜಿ ಬರೆದೇಬಿಟ್ಟರು. ‘ಸಾಹೇಬರ ಹಾಸ್ಯ ಅಸಹನೀಯವಾಗಿದ್ದು, ಸಿಬ್ಬಂದಿಗೆ ದವಡೆ ನೋವು ಕಾಣಿಸಿಕೊಂಡಿರುತ್ತದೆ’ ಎಂಬುದು ಅದರ ಮುಖ್ಯ ಸಾಲು. ಕೇಂದ್ರ ಕಚೇರಿಯಿಂದ ಸಾಹೇಬರಿಗೆ ಬಂದ ಆದೇಶವೂ ಚುಟುಕು: ಕಚೇರಿಯ ವೇಳೆಯಲ್ಲಿ ಜೋಕು ಹೇಳಕೂಡದು. ಅಂದಿನಿಂದ ಸಾಹೇಬರು ಮುಚ್ಚಳ ಬಿಗಿದ ಪಾತ್ರೆಯ ಹಾಗೆ ಒಳಗೊಳಗೇ ಕುದಿಯುತ್ತ ಓಡಾಡುತ್ತಿದ್ದರು. ಬರೆದವರು ಯಾರು ಎಂಬುದೊಂದೇ ಅವರ ಜಪ.

ಹತ್ತು ಗಂಟೆಗೆ ಕಂಪ್ಯೂಟರ್ ರಿಪೇರಿ ಮಾಡುವ ಹುಡುಗಿ ಬಂದು ಎಲ್ಲರನ್ನೂ ಗುಮಾಸ್ತರ ಮೇಜಿನ ಸುತ್ತ ಸೇರಿಸಿದಳು. “ನೋಡಿ, ಬಟನ್ನುಗಳೆಲ್ಲ ಈಗ ನಡುವೆ ಬಂದಿವೆ. ಎರಡು ಕಾಗದ ಅಕ್ಕಪಕ್ಕ ಇಟ್ಕೊಂಡು ನೋಡಬಹುದು. ಡಿಲೀಟ್ ಮಾಡಿದ್ದು ಬೇಗ ಹೋಗಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಈಗ ಇದಕ್ಕೆ ನೆನಪಿದೆ.”

“ನೆನಪು ಅಂದ್ರೆ?” ಎಂದರು ಸಾಹೇಬರು.

“ಪರದೆ ಮೇಲೆ ಏನು ಬಂತೋ ಅದನ್ನ ಅದು ಆಗಾಗ ಫೋಟೋ ತೆಗೆದು ಇಟ್ಕೊಳ್ಳತ್ತೆ ಸಾರ್. ಆಮೇಲೆ ನಾವು ಮಾತಾಡೋ ಹಾಗೇ ಕೇಳಿದ್ರೆ ಹುಡುಕಿ ತೋರಿಸತ್ತೆ.”

ಸಾಹೇಬರ ಮುಖ ಒಂದು ತಿಂಗಳ ನಂತರ ಮೊದಲ ಸಲ ಅರಳಿತು. “ಮೂಗರ್ಜಿ ಬರೆದೋರು ಯಾರು ಅಂತ ಕೇಳಿದ್ರೆ?”

“ಅದು ನೋಡಿದ್ರೆ ಖಂಡಿತ ಹೇಳತ್ತೆ. ಸಂಜೆವರೆಗೂ ಓಡ್ಲಿ, ನಾಲ್ಕಕ್ಕೆ ನಾನೇ ಬಂದು ತೋರಿಸ್ತೀನಿ,” ಎಂದು ಹೇಳಿ ಹುಡುಗಿ ಟಿಕೆಟ್ ಕೌಂಟರಿನ ಕಡೆ ಹೊರಟುಹೋದಳು.

ಸಾಹೇಬರು ಗುಮಾಸ್ತರ ಹೆಗಲ ಮೇಲೆ ಕೈಯಿಟ್ಟು, “ನೀವಿದ್ದೀರಿ ಅಂತ ನಂಗೆ ಧೈರ್ಯ ಕಣ್ರೀ. ಆ ಪುಣ್ಯಾತ್ಮ ಸಿಗ್ಲಿ, ಆಮೇಲೆ ನಿಮ್ಮ ಕಾಗದಕ್ಕೆ ನೆಮ್ಮದಿಯಾಗಿ ಸಹಿ ಹಾಕ್ತೀನಿ,” ಎಂದರು. ಗುಮಾಸ್ತರು ನಗಲು ಹೋದರು. ಭುಜ ಕುಲುಕಿತು, ನಗು ಮಾತ್ರ ಬರಲಿಲ್ಲ.

ಎಲ್ಲರೂ ಚದುರಿದ ಮೇಲೆ ಗುಮಾಸ್ತರು ಲೆಕ್ಕ ಹಾಕಿದರು. ಕೈಯಲ್ಲಿರುವುದು ಆರು ಗಂಟೆಗೂ ಕಡಿಮೆ. ಮೂಗರ್ಜಿ ಇರುವುದು ‘ಮುರಿದ ಛತ್ರಿಗಳು’ ಎಂಬ ಕಡತದಲ್ಲಿ. ಆ ಕಡತವನ್ನು ಯಾರೂ ತೆರೆಯುವುದಿಲ್ಲ ಎಂದು ಗೊತ್ತಿದ್ದೇ ಅಲ್ಲಿಟ್ಟದ್ದು. ಆದರೆ ಅದರೊಳಗೆ ಹದಿನಾಲ್ಕು ಕಾಗದಗಳು, ಎಲ್ಲಕ್ಕೂ ಒಂದೇ ಬಗೆಯ ಹೆಸರು. ಯಾವುದು ಅಂತ ತಿಳಿಯಬೇಕಾದರೆ ತೆರೆದೇ ನೋಡಬೇಕು. ತೆರೆದರು. ಆರನೆಯದು ಅದೇ. ಅಪ್‌ಡೇಟಿನ ಉಪಕಾರದಿಂದ ಅಕ್ಷರಗಳು ಮೊದಲಿಗಿಂತ ದಪ್ಪವಾಗಿ, ಪರದೆ ತುಂಬ ಹರಡಿಕೊಂಡು ನಿಂತವು.

“ಏನ್ ಸಾರ್, ಫ್ಯಾನ್ ಕೆಳಗೆ ಕೂತು ಬೆವರ್ತಾ ಇದೀರಿ?” ಕೀಲಿಕೈ ಅಕ್ಕ ಕುರ್ಚಿಯನ್ನು ಇತ್ತ ಎಳೆದುಕೊಂಡರು.

“ಏನಿಲ್ಲಕ್ಕ, ಬಸ್ಸಲ್ಲಿ ನೂಕುನುಗ್ಗಲು.”

“ಬಸ್ಸಿಳಿದು ಎರಡು ಗಂಟೆ ಆಯ್ತು.”

ಗುಮಾಸ್ತರು ಪರದೆಗೆ ಬೆನ್ನು ಕೊಟ್ಟು, ಹಿಂದಿನಿಂದ ಕೈಯಾಡಿಸಿ ಯಾವುದೋ ಬಟನ್ ಒತ್ತಿದರು. ಅಕ್ಕ ಅತ್ತ ತಿರುಗಿದ ಕೂಡಲೇ ಕಾಗದವನ್ನು ಡಿಲೀಟ್ ಮಾಡಿದರು. ‘ಚಿಂತೆ ಬೇಡ, ಇದನ್ನು ಮೂವತ್ತು ದಿನ ಜೋಪಾನವಾಗಿ ಇಡುತ್ತೇನೆ’ ಎಂದಿತು ಕಂಪ್ಯೂಟರ್. ಗುಮಾಸ್ತರಿಗೆ ಅಳು ಬರುವುದೊಂದು ಬಾಕಿ.

ಹನ್ನೆರಡರ ಹೊತ್ತಿಗೆ ಅವರಿಗೆ ಒಂದು ಉಪಾಯ ಹೊಳೆಯಿತು. ಅಳಿಸಲು ಆಗದಿದ್ದರೆ ತಿದ್ದಲು ಆಗದೇ? ಕಸದ ಬುಟ್ಟಿಯಿಂದ ಕಾಗದವನ್ನು ಎತ್ತಿ ತಂದು, ‘ಅಸಹನೀಯ’ ಇದ್ದಲ್ಲಿ ‘ಅದ್ಭುತ’ ಎಂದು ಹಾಕಿದರು. ‘ದವಡೆ ನೋವು’ ತೆಗೆದು ‘ಹೊಸ ಚೈತನ್ಯ’ ಎಂದು ಬರೆದರು. ಓದಿ ನೋಡಿದರೆ ಯಾರಾದರೂ ಸಾಹೇಬರಿಗೆ ಪದಕ ಕೊಡಬೇಕು, ಹಾಗಿತ್ತು. ನಿಟ್ಟುಸಿರು ಬಿಟ್ಟು ಸೇವ್ ಮಾಡಿದರು. ‘ಹಳೆಯ ಪ್ರತಿಯೂ ನನ್ನ ಬಳಿ ಭದ್ರವಾಗಿದೆ. ವ್ಯತ್ಯಾಸ ನೋಡಿಕೊಳ್ಳಿ’ ಎಂದು ಕಂಪ್ಯೂಟರ್ ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ, ಬದಲಾದ ಮಾತುಗಳಿಗೆಲ್ಲ ಹಳದಿ ಬಳಿಯಿತು.

ಅಷ್ಟರಲ್ಲಿ ಹೆಂಡತಿಯ ಫೋನು. “ಸಹಿ ಆಯ್ತಾ?”

“ಸಂಜೆಗೆ ಕಣೆ.”

“ಆಗದೆ ಇರಲ್ಲ ತಾನೆ? ಪಕ್ಕದ ಮನೆಯವರಿಗೆ ಹೇಳ್ಬಿಟ್ಟೆ, ನಾಳೆಯಿಂದ ಮಧ್ಯಾಹ್ನ ನಮ್ಮೋರು ಮನೇಲೇ ಇರ್ತಾರೆ ಅಂತ. ಇನ್ಮೇಲೆ ಒಬ್ಬಳೇ ಕೂತು ತಿನ್ನೋದು ತಪ್ತಲ್ಲ.”

ಗುಮಾಸ್ತರು ಆಗುತ್ತದೆ ಎಂದು ಹೇಳಿ ಫೋನ್ ಇಟ್ಟರು. ಇವಳಿಗೆ ಸಂಜೆ ಯಾವ ಮುಖ ತೋರಿಸಲಿ ಎಂದು ನಿಜಕ್ಕೂ ಸಂಕಟವಾಯಿತು. ಡಬ್ಬಿಯಲ್ಲಿದ್ದ ತಣ್ಣನೆಯ ಅನ್ನವನ್ನು ಅರ್ಧಕ್ಕೇ ಮುಚ್ಚಿಟ್ಟರು.

ಬೇರೆ ದಾರಿ ಕಾಣದೆ ಅವರು ಕಂಪ್ಯೂಟರನ್ನೇ ಕೇಳಲು ನಿಶ್ಚಯಿಸಿದರು. ಪ್ರಶ್ನೆ ಬರೆಯುವ ಜಾಗದಲ್ಲಿ ಒಂದೊಂದೇ ಅಕ್ಷರ ಒತ್ತಿ, ‘ಬರೆದ ಮೂಗರ್ಜಿಯನ್ನು ನೀನು ಮರೆಯುವಂತೆ ಮಾಡುವುದು ಹೇಗೆ?’ ಎಂದು ಬರೆದರು. ‘ಒಳ್ಳೆಯ ಪ್ರಶ್ನೆ. ಇದಕ್ಕೆ ನಿಮ್ಮ ಮೇಲಧಿಕಾರಿಯ ಅನುಮತಿ ಬೇಕು. ಅವರಿಗೆ ಈಗಲೇ ತಿಳಿಸಲೇ?’ ಎಂದಿತು ಅದು.

ಗುಮಾಸ್ತರು ಬೇಡ ಬೇಡ ಎಂದು ಬಾಯಲ್ಲೇ ಹೇಳುತ್ತ, ಮೇಜಿನ ಕೆಳಗೆ ನುಗ್ಗಿ ಪ್ಲಗ್ಗನ್ನೇ ಕಿತ್ತರು. ಪರದೆ ಕಪ್ಪಾಯಿತು. ಆಹಾ, ಆ ಕಪ್ಪು ನೋಡಿ ಅವರಿಗೆ ಎಷ್ಟು ನೆಮ್ಮದಿಯಾಯಿತೆಂದರೆ, ಮುಖ ತೊಳೆದುಕೊಂಡು ಬರೋಣವೆಂದು ನಲ್ಲಿಯ ಕಡೆ ಹೋದರು. ಬಂದು ನೋಡಿದರೆ ಕಂಪ್ಯೂಟರ್ ಬೆಳಗುತ್ತಿತ್ತು.

“ನಿಮ್ಮ ಪ್ಲಗ್ಗು ಕಳಚಿ ಬಿದ್ದಿತ್ತು ಸಾರ್, ನಾನೇ ಹಾಕ್ದೆ,” ಎಂದರು ಕೀಲಿಕೈ ಅಕ್ಕ, ಉಪಕಾರ ಮಾಡಿದ ಸಂತೋಷದಲ್ಲಿ. ‘ಬಿಟ್ಟಲ್ಲಿಂದಲೇ ಮುಂದುವರಿಸೋಣ’ ಎಂದು ಕಂಪ್ಯೂಟರ್ ಮೂಗರ್ಜಿ, ಅದರ ತಿದ್ದುಪಡಿ, ಗುಮಾಸ್ತರ ಪ್ರಶ್ನೆ, ಎಲ್ಲವನ್ನೂ ಸಾಲಾಗಿ ತೆರೆಯತೊಡಗಿತ್ತು. ಬಾಗಿಲಲ್ಲಿ ಸಾಹೇಬರ ಬೂಟಿನ ಸಪ್ಪಳ. ಗುಮಾಸ್ತರು ಕೈಗೆ ಸಿಕ್ಕ ರೇನ್‌ಕೋಟನ್ನು ಎಳೆದು ಪರದೆಯ ಮೇಲೆ ಹೊದೆಸಿಬಿಟ್ಟರು.

“ಇದೇನ್ರೀ, ಕಂಪ್ಯೂಟರಿಗೆ ರೇನ್‌ಕೋಟು?”

“ಒದ್ದೆ ಇತ್ತು ಸಾರ್. ಇದರ ಬಿಸಿಗೆ ಒಣಗ್ಲಿ ಅಂತ.”

“ಬುದ್ಧಿ ಅಂದ್ರೆ ಇದು,” ಎಂದು ಸಾಹೇಬರು ಮೆಚ್ಚಿ ತಲೆದೂಗಿದರು. ಆ ಮೆಚ್ಚುಗೆ ಗುಮಾಸ್ತರಿಗೆ ಮುಳ್ಳಿನ ಹಾಗೆ ಚುಚ್ಚಿತು. ನಾಲ್ಕರವರೆಗೆ ಅವರು ರೇನ್‌ಕೋಟನ್ನು ಎರಡು ಕೈಯಲ್ಲಿ ಹಿಡಿದು ಕೂತರು. ಅದರ ಕೆಳಗೆ ಪರದೆ ಬೆಳಗುತ್ತಲೇ ಇತ್ತು.

ನಾಲ್ಕಕ್ಕೆ ಸರಿಯಾಗಿ ಹುಡುಗಿ ಬಂದಳು. ಮೊದಲು ಕೀಲಿಕೈ ಅಕ್ಕನ ಕಂಪ್ಯೂಟರಿನಲ್ಲಿ ಪ್ರಶ್ನೆ ಹಾಕಿದಳು. ‘ಮೂಗರ್ಜಿಯ ಬಗ್ಗೆ ನನಗೇನೂ ನೆನಪಿಲ್ಲ’ ಎಂದಿತು ಅದು. ಸಾಹೇಬರು ಹಟಕ್ಕೆ ತಮ್ಮದರಲ್ಲೂ ಕೇಳಿಸಿದರು. ಅಲ್ಲೂ ಅದೇ ಉತ್ತರ. ಆಮೇಲೆ ಎಲ್ಲರೂ ಇತ್ತ ಬಂದರು. ಹುಡುಗಿ ರೇನ್‌ಕೋಟನ್ನು ಎತ್ತಿ ಪಕ್ಕಕ್ಕಿಟ್ಟಳು.

‘ಮುನ್ನೂರ ಹನ್ನೆರಡು ಚಿತ್ರಗಳು ಸಿಕ್ಕಿವೆ,’ ಎಂದಿತು ಗುಮಾಸ್ತರ ಕಂಪ್ಯೂಟರ್.

ಗುಮಾಸ್ತರು ಎದ್ದು ನಿಂತರು. “ತಪ್ಪಾಯ್ತು ಸಾರ್. ಅವತ್ತು ಬಸ್ಸು ತಪ್ಪಿತ್ತು, ಸಿಟ್ಟಲ್ಲಿ ಬರೆದುಬಿಟ್ಟೆ. ಒಂದು ತಿಂಗಳ ಹಿಂದಿನ ಮಾತು, ಇದಕ್ಕೆ ಇಷ್ಟೊಂದು ನೆನಪಿರತ್ತೆ ಅಂತ ಯಾರಿಗೆ ಗೊತ್ತು.”

“ಒಂದು ತಿಂಗಳು ಎಲ್ಲಿಂದ ಬಂತು ಸಾರ್?” ಹುಡುಗಿ ಕಣ್ಣು ಪಿಳಿಪಿಳಿ ಮಾಡಿದಳು. “ಇದಕ್ಕೆ ನೆನಪು ಶುರುವಾಗಿದ್ದೇ ಇವತ್ತು ಬೆಳಗ್ಗೆ. ಅಪ್‌ಡೇಟ್‌ಗೆ ಮುಂಚಿನದು ಇದಕ್ಕೇನೂ ಗೊತ್ತಿಲ್ಲ. ಈ ಮುನ್ನೂರ ಹನ್ನೆರಡೂ ಇವತ್ತಿನವೇ. ನೀವು ಇದನ್ನ ತೆರೀದೇ ಇದ್ದಿದ್ರೆ ಏನೂ ಸಿಗ್ತಿರಲಿಲ್ಲ.”

ಗುಮಾಸ್ತರು ಕುರ್ಚಿಗೆ ಕುಸಿದರು. ಸಾಹೇಬರು ಕನ್ನಡಕ ಏರಿಸಿ ಪರದೆಗೆ ಬಾಗಿ ಓದುತ್ತ ಹೋದರು. ಅಸಹನೀಯವನ್ನು ಓದಿದರು, ಅದ್ಭುತವನ್ನೂ ಓದಿದರು. ಮರೆಯುವ ಪ್ರಶ್ನೆಯನ್ನು ಎರಡು ಸಲ ಓದಿದರು.

“ಹಾಗಾದ್ರೆ ಇಷ್ಟು ವರ್ಷ ನಕ್ಕಿದ್ದು?” ಎಂದರು ಕೊನೆಗೆ. ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು.

“ಮೊದಲನೇ ಸಲ ನಿಜವಾಗ್ಲೂ ನಗು ಬಂದಿತ್ತು ಸಾರ್,” ಎಂದರು ಗುಮಾಸ್ತರು ನೆಲ ನೋಡುತ್ತ.

ಸಾಹೇಬರು ತಮ್ಮ ಕೋಣೆಗೆ ಹೋಗಿ ವರ್ಗಾವಣೆಯ ಕಾಗದ ತಂದರು. ಇನ್ನೇನು ಹರಿದು ಹಾಕುತ್ತಾರೆ ಎಂದು ಕೀಲಿಕೈ ಅಕ್ಕ ಕತ್ತು ಉದ್ದ ಮಾಡಿದರು. ಸಾಹೇಬರು ಜೇಬಿನಿಂದ ಪೆನ್ನು ತೆಗೆದು ನಿಧಾನವಾಗಿ, ಪೂರ್ತಿ ಹೆಸರು ಬರುವ ಹಾಗೆ ಸಹಿ ಹಾಕಿದರು. ಗುಮಾಸ್ತರಿಗೆ ತಮ್ಮ ಕಣ್ಣನ್ನೇ ನಂಬಲಾಗಲಿಲ್ಲ. “ಸಾರ್, ನೀವು ದೇವರಂಥೋರು,” ಎಂದು ಕೈಮುಗಿದರು.

“ಇರಿ, ಪೂರ್ತಿ ಕೇಳಿ. ಆ ಅರ್ಜಿ ನೋಡಿ ಮೇಲಿನವರು ನನ್ನನ್ನೂ ಎತ್ತಂಗಡಿ ಮಾಡಿದಾರೆ. ಜನ ಕಡಿಮೆ ಇರೋ ಶಾಖೆಗೆ ಹಾಕಿದ್ರೆ ದವಡೆ ನೋವೂ ಕಡಿಮೆ ಜನಕ್ಕೆ ಬರತ್ತೆ ಅಂತ. ನಿಮ್ಮ ಮನೆ ಹಿಂದಿನ ಸ್ಟೇಷನ್ನು. ಅಲ್ಲಿರೋದು ಎರಡೇ ಮೇಜು. ಒಂದು ನಂದು, ಇನ್ನೊಂದಕ್ಕೆ ನಗೋ ಮನುಷ್ಯ ಇರ್ಲಿ ಅಂತಾನೇ ನಿಮ್ಮ ಹೆಸರು ಕೊಟ್ಟಿದ್ದೆ. ಖುಷಿಯ ಸುದ್ದಿ, ಸಂಜೆ ಹೇಳೋಣ ಅಂತಿದ್ದೆ.”

ಗುಮಾಸ್ತರ ಮುಗಿದ ಕೈ ಮುಗಿದಂತೆಯೇ ಉಳಿಯಿತು.

“ಹೆದರಬೇಡಿ,” ಎಂದರು ಸಾಹೇಬರು. “ಕಚೇರಿ ವೇಳೆಯಲ್ಲಿ ಜೋಕು ಹೇಳಬಾರದು ಅಂತ ಆರ್ಡರ್ ಇದೆ, ನಾನು ಆರ್ಡರ್ ಮೀರೋನಲ್ಲ. ಆದ್ರೆ ಮಧ್ಯಾಹ್ನ ಊಟದ ಒಂದು ಗಂಟೆ ಕಚೇರಿ ವೇಳೆ ಅಲ್ಲವಲ್ಲ. ನಿಮ್ಮ ಮನೆ ಹತ್ತಿರದಲ್ಲೇ ಇದೆ. ದಿನಾ ಬರ್ತೀನಿ.”

ಮೇಜಿನ ಮೇಲೆ ಗುಮಾಸ್ತರ ಫೋನು ಬಡಿದುಕೊಳ್ಳತೊಡಗಿತು. ಎತ್ತಿದರೆ ಹೆಂಡತಿ. “ಸಹಿ ಆಯ್ತಾ?”

“ಆಯ್ತು,” ಎಂದರು ಗುಮಾಸ್ತರು. “ನಾಳೆಯಿಂದ ಮೂರು ಜನಕ್ಕೆ ಅಡುಗೆ ಮಾಡು.”