ನೇರಳೆ ಕೋಟಿನ ಬಾಣಂತಿ

ಈ ಬೀದಿಯ ಎಲ್ಲರ ಅಳತೆ ತೆಗೆದವನು ನಾನು. ನನ್ನ ಅಳತೆ ತೆಗೆದವಳು ನನ್ನ ಹೆಂಡತಿ ಒಬ್ಬಳೇ. ಅದೂ ಟೇಪು ಮುಟ್ಟದೆ.

ನಮ್ಮದು ಎರಡು ಕೋಣೆಯ ಸಾಮ್ರಾಜ್ಯ. ಮುಂದಿನದು ನನ್ನ ಹೊಲಿಗೆ ಅಂಗಡಿ. ಹಿಂದಿನದು ಅಡುಗೆಮನೆ, ಮಲಗುವ ಮನೆ, ದಿವಾನಖಾನೆ ಎಲ್ಲವೂ. ಅಂಗಡಿಯ ಮೂಲೆಗೆ ಪರದೆ ಕಟ್ಟಿ ಒಂದು ಟ್ರಯಲ್ ರೂಮು ಮಾಡಿದ್ದೇನೆ. (ರೂಮು ಅನ್ನುವುದು ನನ್ನ ಧಾರಾಳತನ. ಒಳಗೆ ಹೋಗಿ ಕೈ ಎತ್ತಿದವರು ಅದನ್ನು ಇಳಿಸಲು ಹೊರಗೆ ಬರಬೇಕು.) ಇಂಥ ಅರಮನೆಗೆ ನನ್ನಾಕೆ ಬೀದಿಬೆಕ್ಕನ್ನು ತಂದಳು.

ಬೆಕ್ಕಿನ ಹೆಸರು ಬಾಣಂತಿ. ಹೆಸರಿಟ್ಟವನು ನಾನೇ, ನಾವು ಕಂಡಾಗಿನಿಂದ ಅದು ಒಂದೋ ಬಸುರಿ, ಇಲ್ಲವೇ ಬಾಣಂತಿ. ಹಿಂದಿನ ಸಲದ ಮರಿಗಳಲ್ಲಿ ಒಂದೂ ಉಳಿಯಲಿಲ್ಲ. ಕೆಲವು ಗಾಡಿಯ ಚಕ್ರಕ್ಕೆ, ಕೆಲವು ನಾಯಿಯ ಬಾಯಿಗೆ. ಕೊನೆಯದನ್ನು ನನ್ನ ಹೆಂಡತಿ ಕರವಸ್ತ್ರದಲ್ಲಿ ಸುತ್ತಿ ಎದುರಿನ ಖಾಲಿ ಸೈಟಿನಲ್ಲಿ ಮಣ್ಣುಮಾಡಿ ಬಂದಳು. ಅವತ್ತು ನನಗೆ ಬಡಿಸಿದಳು, ತಾನು ಉಣ್ಣಲಿಲ್ಲ. ಮರುದಿನ ಬೆಳಗ್ಗೆ ರಾಜಾಜ್ಞೆ ಹೊರಬಿತ್ತು.

"ರೀ, ಬಾಣಂತಿಗೆ ಆಪರೇಷನ್ ಮಾಡಿಸ್ತೀನಿ. ಇನ್ನು ಅದಕ್ಕೆ ಮರಿ ಆಗಬಾರದು."

"ಬೀದಿಬೆಕ್ಕಿನ ಸಂತಾನಭಾಗ್ಯ ತೀರ್ಮಾನ ಮಾಡೋಕೆ ನಾವ್ಯಾರೇ?"

"ಹೆರೋದು ನೀವಾ?"

(ಈ ಪ್ರಶ್ನೆಗೆ ಗಂಡುಜಾತಿ ಇದುವರೆಗೂ ಉತ್ತರ ಕಂಡುಹಿಡಿದಿಲ್ಲ.)

ಪ್ರಾಣಿಗಳ ಡಾಕ್ಟರು ಒಳ್ಳೆಯವರು. ಆಪರೇಷನ್ ಮಾಡಿ, ಗುರುತಿಗೆಂದು ಕಿವಿಯ ತುದಿಯನ್ನೂ ಚೂರು ಕತ್ತರಿಸಿದರು, ನಾವು ಬಟ್ಟೆಗೆ ಕಚ್ಚು ಹಾಕುವ ಹಾಗೆ. "ಇಲ್ಲಿ ಇಟ್ಕೊಳ್ಳೋಕೆ ಜಾಗ ಇಲ್ಲಮ್ಮ. ಗಾಯ ಮಾಯೋವರೆಗೂ ಮನೇಲಿ ಇಟ್ಕೊಳ್ಳಿ. ಹೊಲಿಗೆ ನೆಕ್ಕೋಕೆ ಬಿಡಬೇಡಿ" ಅಂದರು.

ನನ್ನಾಕೆ ಮನೆಮನೆ ಬಾಗಿಲು ತಟ್ಟಿದಳು. ಮನೆ ಓನರಮ್ಮನಿಗೆ ಕೂದಲು ಕಂಡರಾಗದು. ಔಷಧಿ ಅಂಗಡಿಯವರಿಗೆ ಬೆಕ್ಕು ಕಂಡರೆ ಸೀನು. ನಿವೃತ್ತ ಹೆಡ್‌ಮೇಡಂ, "ಶಿಸ್ತಿಲ್ಲದ ಪ್ರಾಣಿ ನನ್ನ ಹೊಸ್ತಿಲು ದಾಟಬಾರದು" ಅಂದು ಬಾಗಿಲು ಹಾಕಿಕೊಂಡರು. ಹೀಗಾಗಿ ನನ್ನ ಟ್ರಯಲ್ ರೂಮು ಹೆರಿಗೆ-ನಿವಾರಣಾ ವಾರ್ಡಾಯಿತು. ಪರದೆಯ ಮೇಲೆ "ರಿಪೇರಿಯಲ್ಲಿದೆ" ಎಂದು ಬೋರ್ಡು ಹಾಕಿದೆ. ಗಿರಾಕಿಗಳು ಹಾಕಿ ನೋಡದೆಯೇ ಬಟ್ಟೆ ಒಯ್ಯತೊಡಗಿದರು. (ಇದರಿಂದ ನನ್ನ ಕಸುಬಿಗೆ ಬಹಳ ಅನುಕೂಲವಾಯಿತು.)

ಹೊಲಿಗೆಗೆ ನಾಲಿಗೆ ಎಟುಕದಿರಲೆಂದು ಬಾಣಂತಿಯ ಕೊರಳಿಗೆ ಡಾಕ್ಟರು ಕಟ್ಟಿದ್ದ ಪ್ಲಾಸ್ಟಿಕ್ ಲಾಳಿಕೆ ಸಂಜೆಯೊಳಗೆ ಮೂಲೆ ಸೇರಿತ್ತು. ನೋಡಿದರೆ ಹೊಟ್ಟೆಯ ಹೊಲಿಗೆಯ ಒಂದು ತುದಿ ಒದ್ದೆ, ಕೆಂಪು. ನನ್ನಾಕೆ ಬೆಕ್ಕನ್ನು ಎತ್ತಿ ತಂದು ನನ್ನ ಮೇಜಿನ ಮೇಲಿಟ್ಟಳು.

"ಹೊಲಿಗೆ ಬಿಚ್ಚಿಕೊಂಡ್ರೆ ಇದು ಉಳಿಯಲ್ಲ ರೀ. ಕಾಪಾಡ್ತೀನಿ ಅಂತ ಕೊಂದ ಹಾಗಾಗುತ್ತೆ. ನೀವು ಟೈಲರಲ್ವಾ? ಹೊಟ್ಟೆ ಮುಚ್ಚೋ ಹಾಗೆ ಒಂದು ಕೋಟು ಹೊಲೀರಿ."

ಅವಳ ಮುಖ ನೋಡಿದೆ. ಟೇಪು ತೆಗೆದೆ.

ಎದೆ ಸುತ್ತಳತೆ ತೆಗೆಯುವಾಗ ಬಾಣಂತಿ ತನ್ನ ಅಭಿಪ್ರಾಯವನ್ನು ನನ್ನ ಮುಂಗೈ ಮೇಲೆ ಕೆತ್ತಿತು. ಸೊಂಟಕ್ಕೆ ಬಂದಾಗ ಹೆಬ್ಬೆರಳಿಗೆ ಸಹಿ ಹಾಕಿತು. ಮೊದಲ ಕೋಟಿನಿಂದ ಅದು ಸಿಪ್ಪೆಯಿಂದ ಬಾಳೆಹಣ್ಣು ಜಾರಿದ ಹಾಗೆ ಹೊರಬಂತು. ಬಿಚ್ಚಿ ಮತ್ತೆ ಹೊಲಿದೆ. ಈ ಸಲ ತೊಟ್ಟ ಕೂಡಲೇ ನಾಲ್ಕೂ ಕಾಲು ಸೆಟೆದು ಕಡಿದ ಮರದಂತೆ ಪಕ್ಕಕ್ಕೆ ಉರುಳಿತು. ಮತ್ತೆ ಬಿಚ್ಚಿದೆ. ಮೂರನೆಯ ಸಲ ಬೆನ್ನಿಗೆ ಲಾಡಿ ಕೊಟ್ಟು, ಕಂಕುಳಲ್ಲಿ ಸಡಿಲ ಬಿಟ್ಟು ಹೊಲಿದೆ ನೋಡಿ, ಚರ್ಮದ ಮೇಲೆ ಚರ್ಮ ಕೂತ ಹಾಗೆ ಕೂತಿತು. ನೇರಳೆ ಬಣ್ಣ, ಒಳಗೆ ಮೆತ್ತನೆಯ ಅಸ್ತರು.

"ಇಷ್ಟು ಚೆನ್ನಾಗಿರೋ ಬಟ್ಟೆ ಎಲ್ಲಿತ್ತು ರೀ?"

ಇಲ್ಲೊಂದು ವೃತ್ತಿರಹಸ್ಯವಿದೆ. ಗಿರಾಕಿಗಳು "ಬಟ್ಟೆ ಏನಾದ್ರೂ ಉಳೀತಾ?" ಅಂತ ಕೇಳುತ್ತಾರೆ. "ಉಳಿಯೋದೆಲ್ಲಿ ಬಂತು, ಸಾಲದೆ ನಾನೇ ಹೇಗೋ ಹೊಂದಿಸಿದೆ" ಅಂತ ನಾವು ಹೇಳುತ್ತೇವೆ. ಇದು ಸುಳ್ಳಲ್ಲ, ಸಂಪ್ರದಾಯ. ಸಂಪ್ರದಾಯ ತುಂಬಿದ ಚೀಲವೊಂದು ನನ್ನ ಮಿಷನ್ನಿನ ಕೆಳಗೆ ಸದಾ ಇರುತ್ತದೆ. ಆದರೆ ಹೆಂಡತಿಗೆ ಸಂಪ್ರದಾಯದ ಮೇಲೆ ಗೌರವ ಕಡಿಮೆ. ಅದಕ್ಕೇ, "ಗಿರಾಕಿಗಳೇ ಬಿಟ್ಟು ಹೋಗಿದ್ದು ಕಣೇ. ಬೆಕ್ಕಿಗಾದ್ರೆ ಇಟ್ಕೋ ಅಂದ್ರು" ಅಂದುಬಿಟ್ಟೆ.

ಅವಳ ಕಣ್ಣು ತೇವವಾಯಿತು. "ಅವರನ್ನೆಲ್ಲ ನಾನು ಕಲ್ಲುಮನಸ್ಸಿನೋರು ಅಂದ್ಕೊಂಡಿದ್ದೆ."

ಬಾಣಂತಿ ಉಳಿಯಿತು. ಹೊಲಿಗೆ ಒಣಗಿ, ಗಾಯ ಮಾಯ್ದು, ಮೈಕೈ ತುಂಬಿಕೊಂಡಿತು. ಕೋಟನ್ನು ಮಾತ್ರ ಬಿಚ್ಚಗೊಡಲಿಲ್ಲ. ಕೈ ಹಾಕಿದರೆ ಹಲ್ಲು ಕಿಸಿಯುತ್ತಿತ್ತು. ಇತ್ತ ಜನರ ದೊಡ್ಡತನದ ಸುದ್ದಿಯಿಂದ ನನ್ನಾಕೆಗೆ ಆನೆಬಲ ಬಂತು. ಬಾಣಂತಿಯ ಹಳೆಯ ಹೆರಿಗೆಯೊಂದರಲ್ಲಿ ಉಳಿದಿದ್ದ ಮಗಳು, ಅದರ ಹಿಂದೆ ದಿನಸಿ ಅಂಗಡಿಯ ಬೂದಿಬೆಕ್ಕು, ಆಮೇಲೊಂದು ಒಕ್ಕಣ್ಣಿ, ಒಂದರ ಬೆನ್ನಿಗೊಂದು ಆಸ್ಪತ್ರೆಗೆ ಹೋಗಿ ಬಂದವು. ನಾನು ಅಳತೆ ತೆಗೆದೆ, ಪರಚಿಸಿಕೊಂಡೆ, ಹೊಲಿದೆ. ಚೀಲ ಕರಗುತ್ತಾ ಬಂತು.

ಒಂದು ದಿನ ನೂಲು, ಗುಂಡಿ ತರಲು ಪೇಟೆಗೆ ಹೋಗಿದ್ದೆ. ಬಿಸಿಲು ಚೆನ್ನಾಗಿದೆ ಅಂತ ನನ್ನಾಕೆ ಬಾಣಂತಿಯದೊಂದು ಬಿಟ್ಟು ಉಳಿದ ಕೋಟುಗಳನ್ನೆಲ್ಲ ಒಗೆದು ಅಂಗಡಿಯ ಮುಂದೆಯೇ ಹಗ್ಗ ಕಟ್ಟಿ ಒಣಹಾಕಿದ್ದಳು. ನಾನು ತಿರುಗಿ ಬರುವಾಗ ಹಗ್ಗದ ಕೆಳಗೆ ಜನ. ಓನರಮ್ಮ ತಮ್ಮ ಪರದೆಯದೇ ಹೂವಿನ ಕೋಟಿನ ಮುಂದೆ ನಿಂತಿದ್ದರು. ಔಷಧಿ ಅಂಗಡಿಯವರು ತಮ್ಮ ಅಂಗಿಯದೇ ಚೌಕಳಿಯ ಕೋಟನ್ನು ಬೆರಳಲ್ಲಿ ಹೊಸಕಿ ನೋಡುತ್ತಿದ್ದರು. ನನ್ನ ಇನ್ನೊಬ್ಬ ಗಿರಾಕಿ ಬಸ್ ಡ್ರೈವರು ತಮ್ಮ ಖಾಕಿಯ ಕಡೆಗೂ ನನ್ನ ಕಡೆಗೂ ನೋಡಿದರು. ಹೊಸ್ತಿಲ ಮೇಲೆ ಬಾಣಂತಿ, ಮೈಮೇಲೆ ಹೆಡ್‌ಮೇಡಂ ಕೋಟಿನ ನೇರಳೆ. ಎದುರಿಗೆ ಸಾಕ್ಷಾತ್ ಹೆಡ್‌ಮೇಡಂ, ಕೈಯಲ್ಲಿ ಅದೇ ನೇರಳೆಯ ತಮ್ಮ ಕೋಟು.

"ಏನಪ್ಪಾ ಟೈಲರ್, ತೋಳಿಗೇ ಬಟ್ಟೆ ಸಾಲಲಿಲ್ಲ ಅಂದಿದ್ದೆ?"

ಭೂಮಿ ಬಾಯ್ತೆರೆಯಲಿ ಅಂತ ಕೆಳಗೆ ನೋಡಿದೆ. ಅಷ್ಟರಲ್ಲಿ ನನ್ನಾಕೆ ಸಕ್ಕರೆಯಂಥ ನಗು ಹೊತ್ತು ಹೊರಬಂದಳು.

"ಬನ್ನಿ ಮೇಡಂ! ನೀವೆಲ್ಲ ಬೆಕ್ಕಿಗೆ ಅಂತ ಬಟ್ಟೆ ಬಿಟ್ಟು ಹೋದ್ರಂತಲ್ಲ, ಇವರು ಹೇಳಿದ್ರು. ನಿಮ್ಮಿಂದ ನಾಲ್ಕು ಜೀವ ಉಳೀತು. ನಿಮ್ಮ ಉಪಕಾರ ಹೇಗೆ ತೀರಿಸಲಿ?"

ಮುಖಾಮುಖಿ ಹೊಗಳಿಸಿಕೊಂಡು ಇಲ್ಲ ಅನ್ನುವವರು ಯಾರು? ಓನರಮ್ಮ ಸೆರಗು ಸರಿಮಾಡಿಕೊಂಡು, "ಅಯ್ಯೋ, ಅದೇನು ದೊಡ್ಡದು ಬಿಡಮ್ಮ" ಅಂದರು. ಔಷಧಿಯವರು ಸೀನನ್ನು ನುಂಗಿ ತಲೆಯಾಡಿಸಿದರು. "ಮುಂದಿನ ಬೆಕ್ಕನ್ನ ಆಸ್ಪತ್ರೆಗೆ ಬಸ್ಸಲ್ಲಿ ನಾನೇ ಕರ್ಕೊಂಡು ಹೋಗ್ತೀನಿ" ಅಂತ ಡ್ರೈವರು ಘೋಷಿಸಿದರು. ಬದುಕಿದೆಯಾ ಬಡಜೀವವೇ ಅಂದುಕೊಂಡು ನಾನು ಉಸಿರು ಬಿಟ್ಟೆ.

ಹೆಡ್‌ಮೇಡಂ ಮಾತ್ರ ಬಗ್ಗಿ ಬಾಣಂತಿಯನ್ನು ಹಿಂದೆ ಮುಂದೆ ನೋಡಿದರು. ಕಂಕುಳು ನೋಡಿದರು, ಬೆನ್ನು ನೋಡಿದರು.

"ಎಷ್ಟು ಸಲ ಬಿಚ್ಚಿ ಹೊಲಿದೆ?"

"ಮೂರು ಸಲ, ಮೇಡಂ." ಹೆಮ್ಮೆ ತಡೆಯಲಾಗಲಿಲ್ಲ.

"ನಂದು ಭುಜ ಹಿಡೀತಿದೆ, ಒಂದು ಸಲ ಬಿಚ್ಚಪ್ಪಾ ಅಂದ್ರೆ ನೀವೇ ದಪ್ಪ ಆಗಿದ್ದೀರಿ ಅಂದೆ. ತಂಗಿ ಮಗಳ ಮದುವೇಲಿ ಕೈ ಎತ್ತಿ ಅಕ್ಕಪಕ್ಕದೋರಿಗೆ ನಮಸ್ಕಾರ ಹೇಳೋಕೂ ಆಗಲಿಲ್ಲ ನನಗೆ."

"ನಂದೂ ಸೊಂಟದಲ್ಲಿ ಬಿಗಿ" ಅಂದರು ಡ್ರೈವರು. "ನಂದು ಕಾಲರು ಒಂದು ಕಡೆ ವಾಲಿದೆ" ಅಂದರು ಔಷಧಿಯವರು. ಓನರಮ್ಮನ ಪರದೆಗಳು ಗಿಡ್ಡವಂತೆ. ನೋಡನೋಡುತ್ತಿದ್ದಂತೆ ನನ್ನ ಮೇಜಿನ ಮೇಲೆ ಹಳೆಯ ಬಟ್ಟೆಗಳ ಗುಡ್ಡ.

"ಪಾಪ, ಇಷ್ಟು ಮಾಡಿದೋರಿಗೆ ನಾವು ಅಷ್ಟೂ ಮಾಡಬೇಡ್ವಾ ರೀ? ಬಿಟ್ಟಿ ಹೊಲಿದುಕೊಡಿ" ಅಂದಳು ನನ್ನಾಕೆ.

"ಬೆಕ್ಕಿನ ವಿಷಯ ಬೇರೆ, ಮೇಡಂ" ಅಂದೆ ನಾನು ಕೊನೆಯ ಪ್ರಯತ್ನವಾಗಿ. "ಸ್ವಲ್ಪ ತಪ್ಪಿದರೂ ಕಚ್ಚುತ್ತೆ. ಅದಕ್ಕೇ ಹುಷಾರಾಗಿ ಹೊಲೀಬೇಕಾಯ್ತು."

ಹೆಡ್‌ಮೇಡಂ ಕನ್ನಡಕ ತೆಗೆದು ಚೀಲಕ್ಕೆ ಹಾಕಿಕೊಂಡರು. ಆಮೇಲೆ ಎರಡೂ ಕೈ ಅಗಲಿಸಿ ನನ್ನ ಮುಂದೆ ನಿಂತರು.

"ಅಳತೆ ತಗೋ. ನಾನೂ ಕಚ್ಚುತ್ತೀನಿ ಅಂತ ತಿಳ್ಕೊಂಡು ತಗೋ."