ಮಲ್ಲಪ್ಪನ ಇಂಗ್ಲಿಷಿಗೆ ಕಟ್ಟಿದ ಕೆಂಪು ಚೀಟಿ

ತಪ್ಪು ಹುಡುಕುವುದನ್ನೇ ಹೊಟ್ಟೆಪಾಡು ಮಾಡಿಕೊಂಡವನಿಗೆ ಲೋಕದಲ್ಲಿ ಸರಿಯಾಗಿರುವುದು ಯಾವುದೂ ಕಣ್ಣಿಗೆ ಬೀಳುವುದಿಲ್ಲ. ನಾನು ಜಿಗಣಿಯ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ತಪಾಸಣೆ ಮಾಡುವವನು. ಮಷೀನಿನಿಂದ ಇಳಿದ ತುಂಡನ್ನು ಅಳೆದು, ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಅದಕ್ಕೊಂದು ಕೆಂಪು ಚೀಟಿ ಕಟ್ಟಿ ಪಕ್ಕಕ್ಕಿಡುವುದು ನನ್ನ ಕಸುಬು. ಈ ಕಸುಬು ಸಂಜೆಯಾದ ಮೇಲೆ ಗೇಟಿನೊಳಗೇ ಉಳಿಯುವುದಿಲ್ಲ. ಕಂಪನಿ ಬಸ್ಸು ಹತ್ತಿ ನನ್ನೊಡನೆ ಮನೆಗೂ ಬರುತ್ತದೆ. ಯಾರಾದರೂ ಮದುವೆಯ ಕರೆಯೋಲೆ ತಂದರೆ ವಧೂವರರ ಹೆಸರಿಗಿಂತ ಮೊದಲು ಅಚ್ಚಿನ ದೋಷ ಕಾಣುತ್ತದೆ. ಕಂಡದ್ದನ್ನು ಹುಡುಗಿಯ ತಂದೆಗೆ ಹೇಳಿಯೂ ಬಿಡುತ್ತೇನೆ. “ನಿಮಗೆ ಬಡಿಸೋದೂ ಒಂದೇ, ಆಡಿಟ್ ಕೊಡೋದೂ ಒಂದೇ” ಎಂದು ನನ್ನ ಹೆಂಡತಿ ದೋಸೆಯ ತಟ್ಟೆಯನ್ನು ಮುಂದಿಟ್ಟು, ತೀರ್ಪಿಗೆ ಕಾಯದೆ ಒಳಗೆ ಹೋಗುತ್ತಾಳೆ. ಇಂಥವನ ಕೈಗೆ ಮನುಷ್ಯರ ಮಾತನ್ನು ಒಪ್ಪಿಸಬಾರದು. ಒಪ್ಪಿಸಿದರು.

ಒಪ್ಪಿಸಿದವರು ನಮ್ಮ ಮ್ಯಾನೇಜರು. ಲೈನ್ ಲೀಡರ್ ಹುದ್ದೆಯೊಂದು ಖಾಲಿಯಾಗುವುದರಲ್ಲಿತ್ತು. ಆ ಜಾಗಕ್ಕೆ ಬರುವವನು, ವರ್ಷಕ್ಕೊಮ್ಮೆ ಜರ್ಮನಿಯಿಂದ ಬರುವ ಗಿರಾಕಿಗೆ ತನ್ನ ಮಷೀನಿನ ಕಷ್ಟಸುಖವನ್ನು ತಾನೇ ಇಂಗ್ಲಿಷಿನಲ್ಲಿ ವಿವರಿಸಬೇಕು. “ಸಾರ್, ನಿಮ್ ಇಂಗ್ಲಿಷ್ ಬಿಡಿ, ಡಿಕ್ಷನರಿ ಥರ ಇದೆ. ಶಿಫ್ಟ್ ಮುಗಿದ್ಮೇಲೆ ದಿನಾ ಅರ್ಧ ಗಂಟೆ ನಮ್ ಹುಡುಗ್ರಿಗೆ ಕ್ಲಾಸ್ ತಗೊಳ್ಳಿ” ಎಂದರು ಮ್ಯಾನೇಜರು. ಹೊಗಳಿಕೆಯಲ್ಲಿ ಮಾತ್ರ ನಾನು ಎಂದೂ ದೋಷ ಹುಡುಕಿದವನಲ್ಲ. ಒಪ್ಪಿಕೊಂಡೆ.

ಆ ಹುದ್ದೆಗೆ ಎಲ್ಲರ ಮನಸ್ಸಿನಲ್ಲಿದ್ದವನು ಮಲ್ಲಪ್ಪ. ಬಾಗಲಕೋಟೆ ಕಡೆಯವನು, ಮಷೀನಿನ ಸದ್ದು ಕೇಳಿಯೇ ಅದರ ಹೊಟ್ಟೆನೋವು ಎಲ್ಲಿದೆ ಎಂದು ಹೇಳಬಲ್ಲವನು. ಲೈನ್ ಲೀಡರ್ ಆದವನಿಗೆ ರಾತ್ರಿಪಾಳಿ ಇಲ್ಲ. ಹಾಗಾಗಿ ಊರಿನಲ್ಲಿದ್ದ ಹೆಂಡತಿಯನ್ನೂ ಮಗಳನ್ನೂ ಕರೆಸಿಕೊಳ್ಳಬಹುದೆಂದು ಅವನು ಆಗಲೇ ಒಂದು ಮನೆ ನೋಡಿ ಬಂದಿದ್ದ. “ಸಾಲಿ ಹತ್ರಾನ ಐತ್ರಿ ಸರ, ಹುಡುಗಿ ನಡ್ಕೊಂಡ ಹೋಗಬಹುದು” ಎಂದು ನನಗೆ ಎರಡು ಸಲ ಹೇಳಿದ್ದ.

ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲವೆಂದು ತಿಳಿಯಬೇಡಿ. ಹಿಂದಿನ ವರ್ಷ ಗಿರಾಕಿ ಬಂದಾಗ ಮಲ್ಲಪ್ಪ ನಿರ್ಭಯವಾಗಿ, “ಸಾರ್, ದಿಸ್ ಟೂಲ್ ಟಯರ್ಡ್. ಯೂ ಗಿವ್ ನ್ಯೂ ಟೂಲ್, ಐ ಗಿವ್ ಗುಡ್ ಪೀಸ್” ಎಂದಿದ್ದ. ಜರ್ಮನಿಯವನು ನಕ್ಕು, ಅವನ ಎಣ್ಣೆಗೈಯನ್ನೇ ಕುಲುಕಿ, ಮಾತನ್ನು ಪುಸ್ತಕದಲ್ಲಿ ಬರೆದುಕೊಂಡ. ತಿಂಗಳೊಳಗೆ ಹೊಸ ಟೂಲ್ ಬಂತು. ಪಕ್ಕದಲ್ಲಿ ನಿಂತಿದ್ದ ನನಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತ್ತು.

ಆದ್ದರಿಂದ ಕ್ಲಾಸಿನಲ್ಲಿ ನಾನು ಕಾರ್ಖಾನೆಯ ಪದ್ಧತಿಯನ್ನೇ ಜಾರಿಗೆ ತಂದೆ. ಒಬ್ಬೊಬ್ಬರೂ ಎದ್ದು ಒಂದೊಂದು ವಾಕ್ಯ ಹೇಳಬೇಕು. ತಪ್ಪಿದ ವಾಕ್ಯವನ್ನು ಕೆಂಪು ಚೀಟಿಯ ಮೇಲೆ ಬರೆದು ಅವರ ನೋಟ್‌ಬುಕ್ಕಿಗೆ ಅಂಟಿಸುವುದು. ನಮ್ಮ ಮಷೀನ್ ಶಾಪಿನ ಗೋಡೆಯ ಮೇಲಿನ ನಿಯಮವನ್ನೇ ಕ್ಲಾಸಿಗೂ ಘೋಷಿಸಿದೆ: ಅನುಮಾನ ಬಂದರೆ ಮಷೀನ್ ನಿಲ್ಲಿಸು, ತಪ್ಪು ಪೀಸು ಮುಂದಕ್ಕೆ ಹೋಗಕೂಡದು. ಮಲ್ಲಪ್ಪ ಅತ್ಯಂತ ಶ್ರದ್ಧೆಯ ವಿದ್ಯಾರ್ಥಿ. ಎರಡು ತಿಂಗಳಲ್ಲಿ ಅವನ ನೋಟ್‌ಬುಕ್ಕು ಕುಂಕುಮದಂಗಡಿಯಂತಾಯಿತು. ಪಕ್ಕದ ಮಷೀನಿನ ಮುನಿರಾಜು, “ಏನ್ ಮಲ್ಲಣ್ಣ, ಇವತ್ತೆಷ್ಟು ಪೀಸ್ ರಿಜೆಕ್ಟು?” ಎಂದು ರೇಗಿಸುತ್ತಿದ್ದ. ಆನೇಕಲ್ ಕಡೆಯ ಆ ಪುಣ್ಯಾತ್ಮ ಕ್ಲಾಸಿಗೆ ಕಾಲಿಡಲಿಲ್ಲ. “ನಂಗೆ ಕ್ಲಾಸು ಗೀಸು ಆಗಲ್ಲ ಸಾರ್. ಬಾಡಿಗೆಯೋರ ಮನೆ ನಲ್ಲಿ ಕಿತ್ತೋಗೈತೆ, ಓಗ್ಬೇಕು” ಎಂದು ಪ್ರತಿದಿನವೂ ಹೇಳುತ್ತಿದ್ದ. ಅಷ್ಟು ನಲ್ಲಿಗಳು ಕಿತ್ತುಹೋಗಿದ್ದರೆ ಆ ಊರು ಇಷ್ಟರಲ್ಲಿ ಕೆರೆಯಾಗಿರಬೇಕಿತ್ತು. ಮೂರನೆಯ ತಿಂಗಳಿಗೆ ಮಲ್ಲಪ್ಪನ ಚೀಟಿಗಳು ಪೂರಾ ನಿಂತವು. ನನ್ನ ಬೋಧನೆ ಫಲಿಸಿತೆಂದು ಬೀಗಿದೆ. ಅವನು ಬಾಯಿ ಬಿಡುವುದನ್ನೇ ಕಡಿಮೆ ಮಾಡಿದ್ದನೆಂಬುದು ಇಷ್ಟು ಸೂಕ್ಷ್ಮದೃಷ್ಟಿಯ ತಪಾಸಣಾಧಿಕಾರಿಗೆ ಕಾಣಲಿಲ್ಲ.

ಗಿರಾಕಿ ಬಂದ. ಮಲ್ಲಪ್ಪನನ್ನು ಗುರುತು ಹಿಡಿದು ನಕ್ಕ. ಒಂದು ತುಂಡನ್ನು ಕೈಗೆತ್ತಿಕೊಂಡು, ಇದರ ಹೊಳಪು ಏಕೆ ಕಡಿಮೆಯಾಗಿದೆ ಎಂದು ಕೇಳಿದ. ಮಲ್ಲಪ್ಪನ ತುಟಿ ಅಲುಗಿತು. ಒಳಗೊಂದು ವಾಕ್ಯ ತಯಾರಾಗುವುದು, ಅದನ್ನವನು ಅಳೆಯುವುದು, ಪಕ್ಕಕ್ಕಿಟ್ಟು ಇನ್ನೊಂದನ್ನು ತೆಗೆಯುವುದು, ಎಲ್ಲವೂ ಮುಖದ ಮೇಲೆ ಕಾಣುತ್ತಿತ್ತು. ಮಾತು ಬರಲಿಲ್ಲ. ಮೌನವನ್ನು ತಾಳಲಾರದೆ ನಾನೇ ಮುಂದೆ ಬಂದು ಐದು ನಿಮಿಷ ಮಾತಾಡಿದೆ. ವಾಕ್ಯಗಳಲ್ಲಿ ಎಲ್ಲಿಯೂ ಕುಂದಿರಲಿಲ್ಲ. ಮಷೀನಿನ ವಿಷಯವೂ ಇರಲಿಲ್ಲ. ಗಿರಾಕಿ ಉದ್ದಕ್ಕೂ ಮಲ್ಲಪ್ಪನ ಕಡೆಗೇ ನೋಡುತ್ತಿದ್ದ. ಕೊನೆಗೆ ಪಕ್ಕದಿಂದ ಮುನಿರಾಜು, “ಸಾರ್, ಕೂಲೆಂಟ್ ಆಯಿಲ್ ಓಲ್ಡ್. ಚೇಂಜ್ ಮಾಡಿ, ಪ್ರಾಬ್ಲಂ ಗೋ” ಎಂದ. ಗಿರಾಕಿ ಪುಸ್ತಕ ತೆಗೆದ.

ಮರುವಾರ ಮುನಿರಾಜು ಲೈನ್ ಲೀಡರ್ ಆದ.

“ಎಣ್ಣೆ ಹಳೇದಾಗಿದ್ದು ನಿನಗೆ ಗೊತ್ತಿರಲಿಲ್ವೇನಯ್ಯ?” ಎಂದು ಮಲ್ಲಪ್ಪನನ್ನು ಕೇಳಿದೆ.

“ಗೊತ್ತಿತ್ರಿ ಸರ. ಮಾತು ಸರಿ ಐತೋ ಇಲ್ಲೋ ಅಂತ ಅನುಮಾನ ಬಂತ್ರಿ. ನಿಲ್ಲಿಸಿಬಿಟ್ಟೆ.”

ಆ ಧ್ವನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ನಾನು ಏನಾದರೂ ಸಮಜಾಯಿಷಿ ಕೊಟ್ಟು ಪಾರಾಗಬಹುದಿತ್ತು. ಶಾಲೆಯ ಹತ್ತಿರದ ಆ ಮನೆಗೆ ಬೇರೆ ಯಾರೋ ಬಂದರಂತೆ.

‘ತಪ್ಪಾಯಿತು ಮಲ್ಲಪ್ಪ’ ಎನ್ನಲು ಧೈರ್ಯ ಮಾಡುವುದಕ್ಕೇ ನನಗೆ ಇಪ್ಪತ್ತು ದಿನ ಬೇಕಾಯಿತು. ‘ಸಾರಿ’ ಎನ್ನುವುದು ಸುಲಭ. ಬಸ್ಸಿನಲ್ಲಿ ಕಾಲು ತುಳಿದವರೂ ಹೇಳುತ್ತಾರೆ. ಕನ್ನಡದಲ್ಲಿ ಹೇಳಲು ಹೊರಟರೆ ನಾಲಗೆಗೆ ಕಲ್ಲು ಕಟ್ಟಿದಂತಾಗುತ್ತದೆ. ಕೊನೆಗೆ ಮೊನ್ನೆ ಮನಸ್ಸು ಗಟ್ಟಿಮಾಡಿಕೊಂಡು ಎರಡು ಲೋಟ ಟೀ ಹಿಡಿದು ಕ್ಯಾಂಟೀನಿನಲ್ಲಿ ಅವನ ಮೇಜಿಗೆ ಹೋದೆ. ಬಿಹಾರದಿಂದ ಹೊಸದಾಗಿ ಬಂದ ಕೆಲಸಗಾರನಿಗೆ ಮಲ್ಲಪ್ಪ ಮಷೀನಿನ ಸದ್ದು ಕೇಳುವುದು ಹೇಗೆಂದು ಹಿಂದಿಯಲ್ಲಿ ಹೇಳಿಕೊಡುತ್ತಿದ್ದ. ಕೈ ಆಡಿಸುತ್ತ, ಬಾಯಲ್ಲೇ ಮಷೀನಿನಂತೆ ಗುರುಗುಡುತ್ತ, ಎಷ್ಟೋ ತಿಂಗಳ ಮೇಲೆ ಧಾರಾಳವಾಗಿ ಮಾತಾಡುತ್ತಿದ್ದ. ಅವನು ಆಡಿದ್ದು ಆ ಹುಡುಗನಿಗೆ ಒಂದಕ್ಷರ ಬಿಡದೆ ತಿಳಿಯುತ್ತಿತ್ತು. ನಾನು ಲೋಟ ಕೆಳಗಿಟ್ಟು, ಬಾಯಿ ತೆರೆದೆ. ಹೊರಬಂದದ್ದು ಅವನ ಹಿಂದಿ ವಾಕ್ಯದ ತಿದ್ದುಪಡಿ.

“ಹೌದ್ರಿ ಸರ” ಎಂದ ಮಲ್ಲಪ್ಪ. ಲೋಟ ತೆಗೆದುಕೊಂಡು ಟೀ ಕುಡಿಯತೊಡಗಿದ. ಹೊಸಬ, ಮುಂದೇನೆಂದು ಇಬ್ಬರ ಮುಖವನ್ನೂ ಸರದಿಯ ಮೇಲೆ ನೋಡಿದ. ಬೇರೆ ದಾರಿ ಕಾಣದೆ ಉಳಿದ ಪಾಠವನ್ನು ನಾನೇ ಮುಂದುವರಿಸಿದೆ, ಅತ್ಯಂತ ಶುದ್ಧವಾದ ಹಿಂದಿಯಲ್ಲಿ.