ಟಿವಿಯೊಳಗೆ ಇಳಿದ ಲೋಡ್

ಮೊಮ್ಮಗಳು ಸಿರಿಯ ಹುಟ್ಟುಹಬ್ಬಕ್ಕೆ ಉಡುಗೊರೆ ಆರಿಸುವುದರಲ್ಲಿ ನನ್ನನ್ನು ಮೀರಿಸುವವರು ಆಲ್ದೂರಿನ ಸುತ್ತಮುತ್ತ ಯಾರೂ ಇಲ್ಲವೆಂದು ನಾನು ದೃಢವಾಗಿ ನಂಬಿದ್ದೆ. ಅವಳಮ್ಮ, ನನ್ನ ಮಗಳು ಸುಧಾ, ಚಿಕ್ಕವಳಿದ್ದಾಗ ಟಿವಿಗೆ ಕ್ಯಾಸೆಟ್ ಸಿಕ್ಕಿಸಿ ಆಡುತ್ತಿದ್ದ ಮೊಲದ ಆಟವೇ ಸಿರಿಗೂ ಬೇಕಂತೆ. ಬಂಗಾರದಂಥ ಕೂಸು! ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಪೇಟೆಯಲ್ಲಿ ಆ ಕ್ಯಾಸೆಟ್ ಕೇಳಿದರೆ ಅಂಗಡಿಯವನು ನಕ್ಕ. "ಕ್ಯಾಸೆಟ್ ಕಾಲ ಮುಗೀತಮ್ಮ. ಈಗ ಹಳೇ ಆಟಕ್ಕೆ ಟಿವಿ ಒಳಗೇ ಅಂಗಡಿ ಇದೆ."

ಹುಟ್ಟುಹಬ್ಬದ ದಿನ ಚಿಕ್ಕಮಗಳೂರಿನಿಂದ ತಾಯಿ ಮಗಳು ಇಬ್ಬರೂ ಬಂದರು. ಸಿರಿ ಅಂಗಳದಲ್ಲಿ ನಾಯಿಯೊಡನೆ ಆಡುತ್ತಿದ್ದಾಗ ಸುಧಾ ನಮ್ಮ ಟಿವಿಯಲ್ಲಿ ಆ ಅಂಗಡಿ ತೆರೆದು ನನ್ನ ದುಡ್ಡಿನಲ್ಲಿ ಆಟ ಕೊಂಡಳು.

"ಡೌನ್‌ಲೋಡ್ ಆಗ್ತಾ ಇದೆ ಅಮ್ಮ."

ಲೋಡ್ ಎಂದರೆ ನನಗೆ ತಿಳಿಯದೇ? ಕಾಫಿ ಮೂಟೆ ಹತ್ತಿಸಿ ಇಳಿಸಿದ ಮನೆ ನಮ್ಮದು. ಲೋಡ್ ಡೌನ್ ಆಗುತ್ತಿದೆ, ಅಂದರೆ ಇಳಿಯುತ್ತಿದೆ! ಲಾರಿ ನಮ್ಮ ಏರಿಗೆ ಬರುವುದಿಲ್ಲ. ಏನೇ ಇಳಿದರೂ ಕ್ರಾಸಿನಲ್ಲೇ. ತಕ್ಷಣ ಯಜಮಾನರನ್ನು ಜೀಪಿನೊಡನೆ ಅಟ್ಟಿದೆ. ಹಗ್ಗ, ಟಾರ್ಪಾಲು ಸಮೇತ!

ಬಿಸಿಲಲ್ಲಿ ಕಾದು ಕೆಂಪಾಗಿ ಬಂದರು. "ಗೊಬ್ಬರದ ಲೋಡ್ ಮಾತ್ರ ಇಳೀತು ಮಾರಾಯ್ತಿ! ಅದನ್ನೇ ತರ್ಲಾ?"

ಸುಧಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಪ್ಪಾ, ಆಟ ಬಂದು ಟಿವಿ ಒಳಗೆ ಕೂತಾಯ್ತು."

"ಡಬ್ಬ ಎಲ್ಲಿ?" ಎಂದೆ.

"ಡಬ್ಬ ಇಲ್ಲಮ್ಮ."

"ಪಕ್ಕದ ಮನೆ ಮಕ್ಕಳಿಗೆ ಆಡಿ ಕೊಡಿ ಅಂತ ಕೊಡಬಹುದಾ?"

"ಇಲ್ಲ. ಇದೇ ಟಿವೀಲಿ ಆಡಬೇಕು."

"ಅಂಗಡಿ ಮುಚ್ಚಿದ್ರೆ?"

"ಆಟವೂ ಹೋದ್ರೂ ಹೋಯ್ತು."

"ಇಂಥ ಅಂಗಡಿಗೆ ಗಿರಾಕಿ ಎಲ್ಲಿಂದ ಬರ್ತಾರೆ!" ಯಜಮಾನರು ತೀರ್ಪಿತ್ತರು. "ಹಳೇ ಆಟ ಕೇಳೋರಿಗೆ ಆ ಕ್ಯಾಸೆಟ್ ಉಫ್ ಅಂತ ಊದಿ ಸಿಕ್ಸೋ ಸುಖನೂ ಬೇಕಲ್ವಾ? ನೀನು ಬರೀ ಗಾಳಿ ಕೊಂಡಿದೀಯ ಮಾರಾಯ್ತಿ."

ಆದರೆ ಕೂಸಿನ ಕೈಗೆ ಏನು ಕೊಡುವುದು? ಉಡುಗೊರೆ ಎಂದ ಮೇಲೆ ಬಿಚ್ಚುವುದಕ್ಕೆ ಏನಾದರೂ ಬೇಡವೇ? ಬಣ್ಣದ ಕಾಗದ, ರಿಬ್ಬನ್ ಬೇರೆ ತಂದಾಗಿದೆ. ದೀರ್ಘವಾಗಿ ಸಮಾಲೋಚಿಸಿ, ನನ್ನೊಡನೆ ನಾನೇ, ಒಂದು ನಿರ್ಧಾರಕ್ಕೆ ಬಂದೆ. ಟಿವಿಯನ್ನೇ ಸುತ್ತಿಬಿಟ್ಟೆ!

ಸಿರಿ ಬಂದಳು. ಪರಪರ ಹರಿದಳು. ಮೊಲ ಕಂಡಿತು. "ಅಜ್ಜೀ!" ಎಂದು ಕುತ್ತಿಗೆಗೆ ಜೋತುಬಿದ್ದಳು. ಊಟ ಮರೆತು ಇಬ್ಬರೂ ಆಡಿದೆವು. ನನ್ನ ಮೊಲ ಸಿಕ್ಕ ಬೇಲಿಗೆಲ್ಲ ಮೂತಿ ಗುದ್ದಿತು. ಅವಳು ನಗುತ್ತಾಳೆಂದು ಬೇಕೆಂದೇ ಇನ್ನೂ ಗುದ್ದಿಸಿದೆ.

ಸಂಜೆ ಹೊರಡುವಾಗ ಸಿರಿ ಟಿವಿಯ ಒಂದು ಬದಿ ಹಿಡಿದು ನಿಂತಳು. "ಅಜ್ಜಾ, ಆ ಕಡೆ ಹಿಡ್ಕೊಳ್ಳಿ. ಕಾರಲ್ಲಿ ಇಡೋಣ."

"ಅಯ್ಯೋ, ಯಾಕೆ ಪುಟ್ಟಿ?"

"ಅಜ್ಜಿ ಇದನ್ನೇ ತಾನೇ ನಂಗೆ ಪ್ಯಾಕ್ ಮಾಡಿ ಕೊಟ್ಟಿದ್ದು?"

ಸುಧಾ ಬೇಡವೆಂದಳು. ನಾನೇ ಬಿಡಲಿಲ್ಲ. ಆ ಮುಖ ನೋಡಿ ಯಾವ ಅಜ್ಜಿ ಇಲ್ಲವೆಂದಾಳು?

ಗಾಳಿ ಕೊಳ್ಳಲು ಹೋಗಿ ಟಿವಿ ದಾನ ಮಾಡಿದವಳು ನಾನೊಬ್ಬಳೇ ಇರಬೇಕು. ಯಜಮಾನರು ಈಗಲೂ ವಾರ್ತೆಯ ಹೊತ್ತಿಗೆ ಖಾಲಿ ಮೇಜಿನೆದುರು ಕುರ್ಚಿ ಹಾಕಿ ಕೂರುತ್ತಾರೆ.

"ಏನು ಬರ್ತಿದೆ?" ಎಂದು ನಿನ್ನೆ ಮೆಲ್ಲಗೆ ಕೇಳಿದೆ.

"ಗೋಡೆ!" ಎಂದರು.